ಇಪ್ಪತ್ತೈದು ಕೆ.ಜಿ. ಗೆರೆ

ಬೇಳೆಗೆ ತೆರಿಗೆ ಬೀಳುತ್ತದಂತೆ ಎಂಬ ಸುದ್ದಿ ಕಲಬುರಗಿಯ ಗಂಜ್‌ಗೆ 2022ರ ಜೂನ್ ಕೊನೆಗೇ ಬಂದಿತ್ತು. ಜಿಎಸ್‌ಟಿ ಮಂಡಳಿಯ 47ನೇ ಸಭೆ ಜೂನ್ 28 ಮತ್ತು 29ರಂದು ಚಂಡೀಗಢದಲ್ಲಿ ಕೂತು, ಮೊದಲೇ ತೂಗಿ ಕಟ್ಟಿ ಲೇಬಲ್ ಹಾಕಿ ಮಾರುವ ಬೇಳೆ, ಅಕ್ಕಿ, ಹಿಟ್ಟಿಗೆಲ್ಲ ಶೇ. 5 ಎಂದು ತೀರ್ಮಾನಿಸಿತು. ಅಲ್ಲಿಯವರೆಗೆ, ಅಂದರೆ 2017ರಿಂದ, ಬ್ರ್ಯಾಂಡ್ ಮಾಡಿಕೊಂಡವರಿಗೆ ಮಾತ್ರ ಆ ಶೇ. 5 ಇತ್ತು. ಬ್ರ್ಯಾಂಡಿನ ಗೊಡವೆಗೇ ಹೋಗದೆ ತೊಗರಿ ಒಡೆದು ಚೀಲ ತುಂಬಿ ಕಳಿಸುತ್ತಿದ್ದ ಮಿಲ್ಲಿನವರು ನಿಶ್ಚಿಂತೆಯಿಂದಿದ್ದರು. ಅಧಿಸೂಚನೆ ಹೊರಬಿದ್ದದ್ದು ಜುಲೈ 13ರ ಬುಧವಾರ. ಜಾರಿ 18ರ ಸೋಮವಾರದಿಂದ. ನಡುವೆ ಗುರುವಾರ, ಶುಕ್ರವಾರ, ಶನಿವಾರ, ರವಿವಾರ.

ಮಿಲ್ಲಿನವರಿಗೆ ಅದು ತೆರಿಗೆಯ ಮಾತು. ಜೇವರ್ಗಿ ಕಾಲೋನಿಯಲ್ಲಿ ಮನೆಯ ಮಾಳಿಗೆಯ ಎರಡು ಕೋಣೆಗಳಲ್ಲಿ ಕೂತು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ನಮಗೆ ಅದು ಹಾಟ್‌ಫಿಕ್ಸ್, ಅಂದರೆ ತುರ್ತು ತಿದ್ದುಪಡಿ.

ನಮ್ಮ ಗಿರಾಕಿಗಳೆಂದರೆ ದಾಲ್ ಮಿಲ್ಲಿನವರು, ಗಂಜ್‌ನ ಅಡತ್ ಅಂಗಡಿಗಳು, ಆಳಂದ, ಸೇಡಂ, ಕಮಲಾಪುರದ ಹೋಲ್‌ಸೇಲ್ ಕಿರಾಣಿಗಳು. ಎಲ್ಲರ ಅಂಗಡಿಯಲ್ಲೂ ಅವರವರ ಕಂಪ್ಯೂಟರು, ಅದರಲ್ಲಿ ನಮ್ಮ ಪ್ರೋಗ್ರಾಮು, ಅದರೊಳಗೆ ಅವರ ಲೆಕ್ಕ. ಬೆಂಗಳೂರಿನ ಗೆಳೆಯರಿಗೆ ಇದು ಹಳೇ ಕಾಲದ ವ್ಯವಹಾರ ಅನ್ನಿಸುತ್ತದೆ. ಅವರದು ಸರ್ವರಿನ ಮೇಲೆ ಒಂದೇ ಪ್ರತಿ; ಅಲ್ಲಿ ಬದಲಿಸಿದರೆ ಊರಿಗೆಲ್ಲ ಬದಲಾಯಿತು. ನಮ್ಮದು ಹಾಗಲ್ಲ. ಒಬ್ಬರ ಹತ್ತಿರ 4.2 ಇದ್ದರೆ ಇನ್ನೊಬ್ಬರ ಹತ್ತಿರ 4.1. ಅಪ್‌ಡೇಟ್ ಅಂದರೆ ಮಾರುದ್ದ ಸರಿಯುವವರೂ ಇದ್ದಾರೆ. ‘ನಡದದ, ಮುಟ್ಟಬ್ಯಾಡ್ರಿ’ ಅನ್ನುತ್ತಾರೆ. ತಪ್ಪೇನಿಲ್ಲ, ನಡೆಯುವ ಗಾಡಿಯ ಗಾಲಿ ಯಾರು ಬಿಚ್ಚುತ್ತಾರೆ?

ಆ ಜುಲೈನಲ್ಲಿ ನಮ್ಮ ಮುಂದಿನ ಆವೃತ್ತಿ ಅರ್ಧಕ್ಕೆ ನಿಂತಿತ್ತು. ಆ ವರ್ಷದ ಏಪ್ರಿಲ್ 1ರಿಂದ 20 ಕೋಟಿ ವಹಿವಾಟು ಮೀರಿದವರೆಲ್ಲ ಇ-ಇನ್‌ವಾಯ್ಸ್ ಮಾಡಬೇಕಾಗಿತ್ತು. ಈ ಮಿತಿ ಇನ್ನೂ ಇಳಿಯುತ್ತದೆ ಎಂಬ ಅಂದಾಜಿನಲ್ಲಿ ಆ ಕೆಲಸವನ್ನೇ ಹೊಸದಾಗಿ ಕಟ್ಟುತ್ತಿದ್ದೆವು. ಜೊತೆಗೆ ಗೋದಾಮಿನ ದಾಸ್ತಾನು ಲೆಕ್ಕವನ್ನೂ ಬಿಚ್ಚಿಟ್ಟಿದ್ದೆವು. ಈ ಅರ್ಧ ಕೆಲಸವಿದ್ದ ಕೋಡಿನ ಪ್ರತಿಯಲ್ಲಿ, ಅಂದರೆ ಡೆವಲಪ್ ಬ್ರಾಂಚಿನಲ್ಲಿ, ಪ್ರೋಗ್ರಾಮು ಶುರುವಾಗುತ್ತಿತ್ತು ಎಂಬುದಷ್ಟೇ ಸಮಾಧಾನ. ಖರೀದಿ ಬರೆದರೆ ದಾಸ್ತಾನು ಏರುತ್ತಿರಲಿಲ್ಲ.

‘ಸರ್, ಡೆವಲಪ್‌ನಾಗೇ ಬದಲಿ ಮಾಡಿ ಅದನ್ನೇ ಕೊಟ್ಟು ಬಿಡೂಣ್ರಿ. ಹೆಂಗೂ ಮುಂದಿನ ತಿಂಗಳ ಕೊಡೋದೇ ಅದ’ ಎಂದ ನಮ್ಮ ಹುಡುಗ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಅವನ ಕಡೆಯಿಂದ ನೋಡಿದರೆ ಮಾತು ಸರಿಯೇ: ಒಂದೇ ಕಡೆ ಬರೆಯಬೇಕು, ಒಂದೇ ಸಲ ಬರೆಯಬೇಕು. ನಾನು ಬೇಡವೆಂದೆ. ಅದರ ಹಿಂದೆ ಒಂದು ಹಳೆಯ ಕಥೆಯಿದೆ.

ಊರಿಗೆ ಬರುವ ಮುಂಚೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಸಪೋರ್ಟ್ ವಿಭಾಗದಲ್ಲಿದ್ದೆ. ಕೋಡಿನ ಬದಲಾವಣೆಗಳ ದಾಖಲೆ ಇಡಲು ಆಗ ನಾವೆಲ್ಲ ಸಬ್‌ವರ್ಷನ್ ಬಳಸುತ್ತಿದ್ದ ಕಾಲ. ಒಂದು ದೊಡ್ಡ ಗಿರಾಕಿಗೆ ಬಡ್ಡಿ ಲೆಕ್ಕದಲ್ಲಿ ತಪ್ಪು ಬಂತು. ಹಿರಿಯ ಇಂಜಿನಿಯರೊಬ್ಬರು ರಾತ್ರಿ ಕೂತು ರಿಲೀಸ್ ಬ್ರಾಂಚಿನಲ್ಲಿ ಅದನ್ನು ಸರಿ ಮಾಡಿ ಕಳಿಸಿದರು. ಬೆಳಿಗ್ಗೆ ಎಲ್ಲರೂ ಬೆನ್ನು ತಟ್ಟಿದರು. ಗಿರಾಕಿ ಮೇಲ್ ಬರೆದು ಹೊಗಳಿದ. ಮೂಲ ಬ್ರಾಂಚಿಗೆ ಆ ತಿದ್ದುಪಡಿ ಹೋಗಲೇ ಇಲ್ಲ. ಮುಂದಿನ ಆವೃತ್ತಿ ಮೂಲ ಬ್ರಾಂಚಿನಿಂದ ಹೊರಟಿತು, ಅದರ ಜೊತೆ ಹಳೇ ತಪ್ಪೂ ಹೊರಟಿತು. ಈ ಸಲ ಫೋನ್ ಎತ್ತಿದವನು ನಾನು. ಹೊಸ ತಪ್ಪಾಗಿದ್ದರೆ ಗಿರಾಕಿ ಬೈದು ಸುಮ್ಮನಾಗುತ್ತಾನೆ. ಸರಿಹೋದದ್ದು ಮತ್ತೆ ಕೆಟ್ಟರೆ ಬೈಯುವುದೂ ಇಲ್ಲ, ನಿಧಾನವಾಗಿ ಪ್ರಶ್ನೆ ಕೇಳುತ್ತಾನೆ. ‘ನಿಮ್ಮಲ್ಲಿ ಇಂಥದ್ದು ಇನ್ನೂ ಎಷ್ಟಿದಾವೆ?’ ಎಂದ ಆ ಗಿರಾಕಿ. ಅದಕ್ಕೆ ಉತ್ತರ ನಮ್ಮ ಕಂಪನಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಯಾವ ತಿದ್ದುಪಡಿ ಯಾವ ಬ್ರಾಂಚಿನಲ್ಲೇ ಉಳಿದಿದೆ ಎಂದು ತಿಳಿಯಲು ಎರಡೂ ಕಡೆಯ ಲಾಗ್ ತೆಗೆದು ಪಕ್ಕಪಕ್ಕ ಇಟ್ಟು ಸಾಲು ಸಾಲು ಓದಿದೆವು. ಸಬ್‌ವರ್ಷನ್‌ಗೆ ಯಾವುದು ಮರ್ಜ್ ಆಗಿದೆ ಎಂದು ತಾನೇ ನೆನಪಿಟ್ಟುಕೊಳ್ಳುವ ಶಕ್ತಿ ಬಂದದ್ದು 2008ರಲ್ಲಿ, 1.5 ಆವೃತ್ತಿಯಲ್ಲಿ. ಬಂದರೂ ನಮ್ಮಲ್ಲಿ ಅದನ್ನು ನಂಬುವವರು ಕಡಿಮೆ.

ಅದೇ ಕೆಲಸ ಮಾಡುವ ಗಿಟ್ ನಮ್ಮ ಕೈಗೆ ಬಂದದ್ದು ಅದಾದ ಮೇಲೆ. ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆಯಲು ಶುರುಮಾಡಿದ್ದು 2005ರ ಏಪ್ರಿಲ್‌ನಲ್ಲಿ, ಲಿನಕ್ಸ್ ಕರ್ನಲ್‌ಗೆ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ಕೈತಪ್ಪಿದಾಗ. ಬ್ರಾಂಚು ಎಂದರೆ ಗಿಟ್‌ನಲ್ಲಿ ಒಂದು ಕಮಿಟ್‌ನ, ಅಂದರೆ ದಾಖಲಿಸಿಟ್ಟ ಒಂದು ಬದಲಾವಣೆಯ, 40 ಅಕ್ಷರದ ಗುರುತನ್ನು ಬರೆದಿಟ್ಟ ಪುಟಾಣಿ ಫೈಲು, ಅಷ್ಟೇ. ಮಾಡಲು ಖರ್ಚಿಲ್ಲ, ಅಳಿಸಲು ಸಂಕಟವಿಲ್ಲ. ಖರ್ಚಿಲ್ಲದ್ದು ಸಿಕ್ಕರೆ ಜನ ಬೇಕಾಬಿಟ್ಟಿ ಬಳಸುತ್ತಾರೆ, ಬಳಸಿದರು ಕೂಡ. ಅದಕ್ಕೊಂದು ಕ್ರಮ ಹೇಳಿದವರು ನೆದರ್‌ಲ್ಯಾಂಡ್ಸ್‌ನ ವಿನ್ಸೆಂಟ್ ಡ್ರೀಸೆನ್. 2010ರ ಜನವರಿಯಲ್ಲಿ ಅವರು ಬರೆದ ಲೇಖನದಿಂದ ಹೊರಟದ್ದೇ ಈಗ ಎಲ್ಲರೂ ಗಿಟ್-ಫ್ಲೋ ಅನ್ನುವ ಪದ್ಧತಿ. ಮಾಸ್ಟರ್ ಬ್ರಾಂಚಿನಲ್ಲಿ ಗಿರಾಕಿಗೆ ಹೋದದ್ದು ಮಾತ್ರ. ಡೆವಲಪ್‌ನಲ್ಲಿ ನಡೆಯುತ್ತಿರುವ ಕೆಲಸ. ಹೊಸ ಸೌಲಭ್ಯಗಳಿಗೆ ಬೇರೆ ಬ್ರಾಂಚು, ಹೊರಡುವ ಸಿದ್ಧತೆಗೆ ಬೇರೆ. ತುರ್ತು ತಿದ್ದುಪಡಿಗೆ ಹಾಟ್‌ಫಿಕ್ಸ್ ಬ್ರಾಂಚು: ಅದು ಮಾಸ್ಟರ್‌ನಿಂದ ಹುಟ್ಟಬೇಕು, ಮುಗಿದಾಗ ಮಾಸ್ಟರ್‌ಗೂ ಸೇರಬೇಕು, ಡೆವಲಪ್‌ಗೂ ಸೇರಬೇಕು. ಆ ಹೊತ್ತಿಗೆ ಒಂದು ರಿಲೀಸ್ ಬ್ರಾಂಚು ತೆರೆದಿದ್ದರೆ ಡೆವಲಪ್‌ಗೆ ಬದಲು ಅದಕ್ಕೆ ಸೇರಿಸಿದರೂ ಆದೀತು, ಅದು ಮುಂದೆ ಡೆವಲಪ್‌ಗೆ ಸೇರುತ್ತದಲ್ಲ.

ಲೇಖನದ ಚಿತ್ರದಲ್ಲಿ ಈ ಎರಡು ಬಾಣಗಳೂ ಒಂದೇ ದಪ್ಪವಾಗಿ ಕಾಣುತ್ತವೆ. ಕೆಲಸದಲ್ಲಿ ಅವು ಒಂದೇ ಅಲ್ಲ. ಮಾಸ್ಟರ್‌ಗೆ ಹೋಗುವ ಬಾಣವನ್ನು ಯಾರೂ ಮರೆಯುವುದಿಲ್ಲ, ಅದರ ತುದಿಯಲ್ಲಿ ಗಿರಾಕಿ ಕೂಗುತ್ತಿರುತ್ತಾನೆ. ಡೆವಲಪ್‌ಗೆ ಹೋಗುವ ಬಾಣದ ತುದಿಯಲ್ಲಿ ಯಾರೂ ಇಲ್ಲ. ಕೆಲಸ ಮುಗಿಯಿತು, ಎಲ್ಲರೂ ಚಹಾಕ್ಕೆ ಎದ್ದರು. ನನ್ನ ಇಷ್ಟು ವರ್ಷದ ಹಾಟ್‌ಫಿಕ್ಸ್ ಅನುಭವವೆಲ್ಲ ಈ ಎರಡನೇ ಬಾಣದ ಸುತ್ತಲೇ ತಿರುಗಿದೆ.

ಗಂಜ್‌ನ ಒಂದು ಅಡತ್ ಅಂಗಡಿಯ ಮುನೀಮರಿಗೆ ಒಮ್ಮೆ ಇದನ್ನು ವಿವರಿಸುತ್ತಿದ್ದೆ. ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುತ್ತ ಕೇಳಿಸಿಕೊಂಡರು. ‘ನೀವು ಏನರೆ ಕರೀರಿ, ನಮ್ಮಲ್ಲಿ ಇದು ಕೀರ್ದಿ-ಖತಾವಣಿ ಮಾತದ. ಕೀರ್ದ್ಯಾಗ ಬರದ್ರಿ, ಖಾತಿಗಿ ಎತ್ತಲಿಲ್ಲ ಅಂದ್ರ ವರ್ಷದ ಕೊನಿಗಿ ತಾಳಿ ಆಗೂದಿಲ್ಲ’ ಎಂದರು. ಅದಕ್ಕಿಂತ ಚೆನ್ನಾಗಿ ನಾನು ಯಾರಿಗೂ ಹೇಳಿಲ್ಲ. ಈಗಲೂ ಹೊಸಬರು ಬಂದರೆ ಡ್ರೀಸೆನ್ ಚಿತ್ರಕ್ಕಿಂತ ಮುಂಚೆ ಮುನೀಮರ ಈ ಮಾತು ಹೇಳುತ್ತೇನೆ.

ಇರಲಿ. ಆ ಗುರುವಾರ 4.2.0 ಟ್ಯಾಗ್ ಬಿದ್ದ ಕಮಿಟ್‌ನಿಂದ ಹಾಟ್‌ಫಿಕ್ಸ್ 4.2.1 ಎಂದು ಬ್ರಾಂಚು ತೆಗೆದೆವು. ತುರ್ತು ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಹಿಂದಕ್ಕೆ ಹೋಗಬಹುದೇ?’ ಎಂಬುದು. ನಿನ್ನೆ ಕೊಟ್ಟ ಆವೃತ್ತಿಯಿಂದ ತೊಂದರೆಯಾಗಿದ್ದರೆ ಮೊನ್ನೆಯದನ್ನೇ ಮತ್ತೆ ಹಾಕಿಕೊಟ್ಟು, ಸಾವಕಾಶ ಕೂತು ತಪ್ಪು ಹುಡುಕುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ರಾತ್ರಿ ನಿದ್ದೆಗೆಟ್ಟು ಬರೆದ ಕೋಡಿನಷ್ಟು ಅಪಾಯ ಹಳೇ ಕೋಡಿನಲ್ಲಿ ಇರುವುದಿಲ್ಲ. ಆದರೆ ಇಲ್ಲಿ ತಪ್ಪು ನಮ್ಮ ಪ್ರೋಗ್ರಾಮಿನಲ್ಲಿ ಇರಲಿಲ್ಲ, ಬದಲಾದದ್ದು ಕಾನೂನು. ಅದಕ್ಕೆ ರಿವರ್ಟ್ ಇಲ್ಲ.

ಹಾಟ್‌ಫಿಕ್ಸ್ ಬ್ರಾಂಚು ತೆರೆದಿದೆ ಎಂದು ಗೊತ್ತಾದರೆ ಸಾಕು, ಅದರ ಬಾಲಕ್ಕೆ ಏನೇನೋ ಕಟ್ಟಲು ಜನ ಬರುತ್ತಾರೆ. ಒಬ್ಬ ಮಿಲ್ಲಿನ ಸಾವಕಾರರಿಗೆ ಬಿಲ್ಲಿನ ಮೇಲೆ ಶರಣಬಸವೇಶ್ವರರ ಫೋಟೊ ದೊಡ್ಡದಾಗಬೇಕಿತ್ತು. ‘ಹೆಂಗೂ ಕೈ ಹಾಕೀರಿ, ಅದೊಂದ್ ಮಾಡಿಬಿಡ್ರಿ.’ ನಮ್ಮ ಹುಡುಗನಿಗೂ ಒಂದು ಹಳೇ ಫಂಕ್ಷನ್ ಕಣ್ಣಿಗೆ ಚುಚ್ಚುತ್ತಿತ್ತು, ತೊಳೆದು ಇಡುತ್ತೇನೆ ಎಂದ. ಎರಡನ್ನೂ ತಡೆದೆ. ಮೂರು ಬದಲಾವಣೆ ಮಾತ್ರ: ಸರಕಿನ ಪಟ್ಟಿಯಲ್ಲಿ ಪ್ಯಾಕ್‌ನ ತೂಕ ಮತ್ತು ಲೇಬಲ್ ಉಂಟೋ ಇಲ್ಲವೋ ಎಂಬ ಗುರುತು, ತೆರಿಗೆ ಲೆಕ್ಕದಲ್ಲಿ ಒಂದು ಷರತ್ತು, ಆ ಷರತ್ತಿಗೆ ಜುಲೈ 18ರ ತಾರೀಖು. ದರಗಳನ್ನೆಲ್ಲ ಕೋಡಿನಿಂದ ಹೊರಗೆ ತೆಗೆದು ಒಂದು ಕೋಷ್ಟಕದಲ್ಲಿ ಇಡಬೇಕು ಎಂಬ ಆಸೆ ನನಗೂ ಇತ್ತು. ಅದು ಡೆವಲಪ್‌ನ ಕೆಲಸ, ಈ ನಾಲ್ಕು ದಿನದ್ದಲ್ಲ.

ತಾರೀಖಿನ ವಿಷಯ ನೋಡಲು ಸಣ್ಣದು, ಒಳಗೆ ಆಳ. 17ನೇ ತಾರೀಖಿನ ಬಿಲ್ಲನ್ನು 19ಕ್ಕೆ ಮತ್ತೆ ಪ್ರಿಂಟ್ ಹಾಕಿದರೆ ತೆರಿಗೆ ಬರಬಾರದು. ಹದಿನಾರಕ್ಕೆ ಹೋದ ಮಾಲು ಇಪ್ಪತ್ತಕ್ಕೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೇ ಬಿಲ್ಲಿನ ದರದಲ್ಲೇ ಆಗಬೇಕು. ಇವನ್ನೆಲ್ಲ ಹಿಡಿದದ್ದು ನಮ್ಮಲ್ಲಿ ಟೆಸ್ಟಿಂಗ್ ನೋಡುತ್ತಿದ್ದ ಹುಡುಗಿ ಮತ್ತು ಅದೇ ಮುನೀಮರು. ಹುಡುಗಿ ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬಂದವಳು, ಕ್ರಮಬದ್ಧ. ಮುನೀಮರು ಕ್ರಮವಿಲ್ಲದೆ, ಬರಿಯ ಸಂಶಯದಿಂದ ಪರೀಕ್ಷಿಸುವವರು. ‘ಈಗ ತಾರೀಖು ಹಿಂದಕ್ಕ ಹಾಕ್ರಿ. ಈಗ ಚೀಲ ಒಂದು ಕಡಿಮಿ ಮಾಡ್ರಿ. ಈಗ ಬಿಲ್ ರದ್ದು ಮಾಡಿ ಮತ್ತ ಎಬ್ಬಸ್ರಿ.’ ಎಬ್ಬಿಸಿದ ಬಿಲ್ಲು ಹೊಸ ದರದಲ್ಲಿ ಎದ್ದಿತು. ಅದನ್ನೂ ಸರಿ ಮಾಡಿದೆವು.

ಶನಿವಾರ ಸಂಜೆಗೆ ಬಿಲ್ಡ್ ಸಿದ್ಧವಾಯಿತು. ಆದರೆ ಟ್ಯಾಗ್ ಹಾಕಲಿಲ್ಲ. ತೂಕದ ಗೆರೆ ಎಲ್ಲಿ ಎಂಬುದು ಗಂಜ್‌ನಲ್ಲಿ ಇನ್ನೂ ಜಗಳದ ವಿಷಯ. ಅಧಿಸೂಚನೆ ಕಾನೂನು ಮಾಪನ ಕಾಯ್ದೆಯ ಕಡೆ ಬೊಟ್ಟು ಮಾಡಿ ಸುಮ್ಮನಾಗಿತ್ತು. ಕೆಲವರು 25 ಅಂದರು, ಕೆಲವರು 50 ಅಂದರು, ಎಲ್ಲರೂ ತಮ್ಮ ತಮ್ಮ ಆಡಿಟರ್ ಹೆಸರು ಹೇಳಿದರು. ನಮ್ಮ ಹುಡುಗನಿಗೆ ಟ್ಯಾಗ್ ಹಾಕಿ ಮುಗಿಸುವ ಆತುರ. ತಪ್ಪಾದರೆ ಟ್ಯಾಗನ್ನೇ ಮುಂದಿನ ಕಮಿಟ್‌ಗೆ ಸರಿಸಿದರಾಯಿತು ಎಂದ. ಅದೊಂದನ್ನು ನಾನು ಒಪ್ಪುವುದಿಲ್ಲ. 4.2.1 ಎಂದು ಒಮ್ಮೆ ಹೊರಗೆ ಹೋದ ಮೇಲೆ 4.2.1 ಎಂದರೆ ಒಂದೇ ವಸ್ತು. ತಪ್ಪಿದ್ದರೆ 4.2.2 ಮಾಡಬೇಕು. ಇಲ್ಲವಾದರೆ ಸೇಡಂನ 4.2.1 ಬೇರೆ, ಆಳಂದದ 4.2.1 ಬೇರೆ ಆಗಿ, ಫೋನಿನಲ್ಲಿ ‘ಯಾವ ವರ್ಷನ್ ಅದರಿ?’ ಎಂದು ಕೇಳುವುದಕ್ಕೇ ಅರ್ಥ ಉಳಿಯುವುದಿಲ್ಲ.

ರವಿವಾರ, 17ರಂದು, ಕೇಂದ್ರ ಹಣಕಾಸು ಸಚಿವಾಲಯದ ಪ್ರಶ್ನೋತ್ತರ ಟಿಪ್ಪಣಿ ಬಂತು. ಒಂದೇ ಚೀಲದಲ್ಲಿ 25 ಕೆ.ಜಿ.ಗಿಂತ ಹೆಚ್ಚಿದ್ದರೆ ತೆರಿಗೆ ಇಲ್ಲ. ಅಂದರೆ ಸರಿಯಾಗಿ 25 ಇದ್ದರೆ ಉಂಟು. ತಲಾ 10 ಕೆ.ಜಿ.ಯ ಹತ್ತು ಚಿಲ್ಲರೆ ಪ್ಯಾಕ್‌ಗಳನ್ನು ಒಳಗಿಟ್ಟ ದೊಡ್ಡ ಪ್ಯಾಕ್‌ಗೂ ಉಂಟು, ಹೊರಗಿನ ತೂಕ 100 ಕೆ.ಜಿ. ಆದರೂ. ನಮ್ಮ ಷರತ್ತಿನಲ್ಲಿ ‘25ಕ್ಕಿಂತ ಕಡಿಮೆ’ ಎಂಬ ಚಿಹ್ನೆಯ ಪಕ್ಕ ಒಂದು ಸಮ ಚಿಹ್ನೆ ಸೇರಿತು, ಹೊರಚೀಲದ ಬದಲು ಒಳಪ್ಯಾಕ್‌ನ ತೂಕ ನೋಡುವಂತಾಯಿತು. ಎರಡು ಸಾಲಿನ ಕಮಿಟ್. ಇಡೀ ಪರೀಕ್ಷೆ ಮತ್ತೊಮ್ಮೆ. ನಡುವೆ ಮಳೆ ಬಂದು ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು. ಕೆಳಗಿನಿಂದ ಅವ್ವ ‘ಉಣ್ಣಾಕ ಬರ್ರೋ, ರೊಟ್ಟಿ ಆರ್ಲತ್ತಾವ’ ಎಂದು ಕೂಗುತ್ತಿದ್ದಳು. ಊಟ ಮುಗಿಸಿ ಬಂದು ಟ್ಯಾಗ್ ಹಾಕಿ ಮಾಸ್ಟರ್‌ಗೆ ಮರ್ಜ್ ಮಾಡಿದೆವು. ನೆಟ್ ಇದ್ದ ಅಂಗಡಿಗಳಿಗೆ ಅಪ್‌ಡೇಟ್ ಆ ರಾತ್ರಿಯೇ ಇಳಿಯಿತು.

ಕಮಲಾಪುರಕ್ಕೆ ಇಳಿಯಲಿಲ್ಲ.

ಗಂಜ್ ದಾಟಿ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ ಕ್ರಾಸ್ ಹಿಂದೆ ಹಾಕಿದರೆ ಕಮಲಾಪುರ. ಈಗ ತಾಲ್ಲೂಕು ಕೇಂದ್ರ. ಊರಿನ ಹೆಸರು ಹೊರಗೆ ಗೊತ್ತಿರುವುದು ಕೆಂಪು ಬಾಳೆಹಣ್ಣಿನಿಂದ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ, ಕಲಬುರಗಿಯ ತೊಗರಿಬೇಳೆಗೆ ಇರುವ ಹಾಗೆ. ನಮ್ಮ ಗಿರಾಕಿಯ ಹೋಲ್‌ಸೇಲ್ ಕಿರಾಣಿ ಅಂಗಡಿ ಅಲ್ಲೇ, ಮುಖ್ಯ ರಸ್ತೆಯ ಮೇಲೆ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪು, ಪೆನ್ ಡ್ರೈವ್ ಹಿಡಿದು ಹೋದಾಗ ಹಮಾಲರು ಲಾರಿಯಿಂದ ಸಕ್ಕರೆ ಚೀಲ ಇಳಿಸುತ್ತಿದ್ದರು. ಗಲ್ಲಾದ ಮೇಲೆ ತೂಗುಹಾಕಿದ ಕೆಂಬಾಳೆ ಗೊನೆಯಲ್ಲಿ ಅರ್ಧ ಖಾಲಿಯಾಗಿತ್ತು.

‘ಬರ್ರಿ ಸರ್, ಕೂಡ್ರಿ. ಮೊದಲ ಇದು ಹೇಳ್ರಿ. ನಾ ಚೀಲ ಬಿಚ್ಚಿ ಕಿಲೋದ ಲೆಕ್ಕದಾಗ ಬ್ಯಾಳಿ ಕೊಟ್ರ ಟ್ಯಾಕ್ಸ್ ಹಾಕಬೇಕೇನು?’

‘ಬಿಡಿ ಮಾರಿದ್ರ ಇಲ್ರಿ.’

‘ಮತ್ತ ಚೀಲ ತಗೊಳ್ಳೋ ಮುಂದ ನಾ ಕೊಟ್ಟ ಟ್ಯಾಕ್ಸು?’

‘ಅದು ನಿಮ್ಮ ತಲಿ ಮ್ಯಾಲೇ ರೀ. ಬಿಡಿ ಮಾಲಿನ ಮ್ಯಾಲ ಟ್ಯಾಕ್ಸ್ ಇಲ್ಲಂದ್ರ ಅದನ್ನ ಮುರಕೊಳ್ಳಾಕ ಬರಂಗಿಲ್ಲ.’

ಸಾವಕಾರರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ಅಂದ್ರ ನಾ 30 ಕಿಲೋ ಚೀಲ ತರಿಸಿದ್ರ ಛಲೋ’ ಎಂದರು. ಕೆಲವೇ ವಾರಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ 26 ಕೆ.ಜಿ. ಅಕ್ಕಿ ಚೀಲಗಳು ಮಾರುಕಟ್ಟೆಗೆ ಬಂದವು. ಕಮಲಾಪುರದ ಗಲ್ಲಾದ ಮುಂದೆ ಅದು ಜಾರಿಯ ಮೊದಲ ಬೆಳಿಗ್ಗೆಯೇ ಹೊಳೆದಿತ್ತು.

ಕಂಪ್ಯೂಟರ್ ತೆರೆದೆ. 4.1.3. ಅದು ವಿಂಡೋಸ್ 7ರ ಯಂತ್ರ, ನಮ್ಮ 4.2ಕ್ಕೆ ವಿಂಡೋಸ್ 10 ಬೇಕು. ಹೊಸ ಯಂತ್ರ ದೀಪಾವಳಿಗೆ ಎಂದು ಅವರು ಹೇಳುತ್ತಲೇ ಬಂದಿದ್ದರು, ಯಾವ ದೀಪಾವಳಿ ಎಂದು ಹೇಳಿರಲಿಲ್ಲ. ಈಗ 4.2.1 ಇಲ್ಲಿ ಓಡುವುದಿಲ್ಲ, 4.1.3ರಲ್ಲಿ ತಿದ್ದುಪಡಿ ಇಲ್ಲ. ಗಿಟ್-ಫ್ಲೋದ ಚಿತ್ರದಲ್ಲಿ ಮಾಸ್ಟರ್ ಒಂದೇ ಗೆರೆ. ಆ ಗೆರೆಯಲ್ಲಿ ಹಿಂದೆ ಉಳಿದವನಿಗೆ ಏನು ಮಾಡಬೇಕೆಂದು ಆ ಚಿತ್ರ ಹೇಳುವುದಿಲ್ಲ.

ಸಕ್ಕರೆ ಚೀಲದ ಪಕ್ಕ ಸ್ಟೂಲಿನ ಮೇಲೆ ಕೂತು, ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ, 4.1.3 ಟ್ಯಾಗ್‌ನಿಂದ ಸಪೋರ್ಟ್ 4.1 ಎಂಬ ಬ್ರಾಂಚು ತೆಗೆದೆ. ಅದರ ಮೇಲೆ ಹಾಟ್‌ಫಿಕ್ಸ್‌ನ ಕಮಿಟ್‌ಗಳನ್ನು ಒಂದೊಂದಾಗಿ ಚೆರ್ರಿ-ಪಿಕ್ ಮಾಡಿದೆ. ಇಡೀ ಬ್ರಾಂಚನ್ನು ಮರ್ಜ್ ಮಾಡಿದರೆ 4.1ರಿಂದ 4.2ರವರೆಗಿನ ಎಲ್ಲವೂ ಒಳಗೆ ನುಗ್ಗುತ್ತದೆ. ಚೆರ್ರಿ-ಪಿಕ್ ಆರಿಸಿದ ಕಮಿಟ್‌ನ ಬದಲಾವಣೆಯನ್ನಷ್ಟೇ ಎತ್ತಿ ಇಲ್ಲಿ ಹೊಸ ಕಮಿಟ್ ಮಾಡುತ್ತದೆ. ಹೊಸ ಕಮಿಟ್ ಆದ್ದರಿಂದ ಅದರ ಗುರುತೂ ಹೊಸದು; ಮೂಲ ಯಾವುದೆಂದು ಮುಂದೆ ತಿಳಿಯಲು ‘-ಎಕ್ಸ್’ ಎಂಬ ಆಯ್ಕೆ ಕೊಡಬೇಕು. ಆಗ ಗಿಟ್ ಸಂದೇಶದ ಕೊನೆಗೆ ‘ಇಂಥ ಕಮಿಟ್‌ನಿಂದ ಎತ್ತಿಕೊಂಡದ್ದು’ ಎಂಬ ಸಾಲನ್ನು ತಾನೇ ಬರೆಯುತ್ತದೆ. ಮೊದಲನೆಯದು ಸರಾಗವಾಗಿ ಬಂತು. ಎರಡನೆಯದರಲ್ಲಿ ಕಾನ್‌ಫ್ಲಿಕ್ಟ್: 4.1ರಲ್ಲಿ ಅದು ಮುಟ್ಟುವ ಕಾಲಂನ ಹೆಸರೇ ಬೇರೆ. ಕೈಯಿಂದ ಸರಿ ಮಾಡಿ, ಡೇಟಾದ ಬ್ಯಾಕಪ್ ತೆಗೆದು, 4.1.4 ಹಾಕಿದೆ. ಮೊದಲ ಬಿಲ್ಲು ಹೊರಬರುವ ಹೊತ್ತಿಗೆ ಚಹಾದ ಕಪ್ಪುಗಳು ಸಾಲಾಗಿ ಖಾಲಿಯಾಗಿದ್ದವು. ಸಾವಕಾರರು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿ, ‘ಬಾಳಿಹಣ್ಣಿಗಿ ಇಲ್ಲಲ್ಲ?’ ಎಂದರು. ತಾಜಾ ಹಣ್ಣಿಗೆ ಇಲ್ಲ ಎಂದೆ. ಎರಡು ಕಿತ್ತು ಕೊಟ್ಟರು.

ಬರುವಾಗ ದಾರಿಯಲ್ಲಿ 2014ರ ಏಪ್ರಿಲ್ ನೆನಪಾಗುತ್ತಿತ್ತು. ಆಗ ನಾನಿನ್ನೂ ಬೆಂಗಳೂರಿನಲ್ಲಿದ್ದೆ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಗಿ, 7ನೇ ತಾರೀಖಿಗೆ 1.0.1ಜಿ ಎಂಬ ತಿದ್ದಿದ ಆವೃತ್ತಿ ಬಂತು. ದೋಷವಿದ್ದ ಆವೃತ್ತಿ ಹೊರಬಿದ್ದು ಆಗಲೇ ಎರಡು ವರ್ಷವಾಗಿತ್ತು. ತಿದ್ದುಪಡಿಯ ತಿರುಳು ಮಾತ್ರ ಉದ್ದವನ್ನು ಪರೀಕ್ಷಿಸುವ ಕೆಲವು ಸಾಲು. ನಮ್ಮ ಸರ್ವರುಗಳನ್ನೆಲ್ಲ ಅಪ್‌ಡೇಟ್ ಮಾಡಿದೆವು. ಆಮೇಲೂ ಆವೃತ್ತಿ ಕೇಳಿದರೆ ಯಂತ್ರ 1.0.1ಇ ಎಂದೇ ಹೇಳುತ್ತಿತ್ತು. ಗಿರಾಕಿಗಳ ಭದ್ರತಾ ವಿಭಾಗದವರು ಫೋನ್ ಮೇಲೆ ಫೋನ್ ಮಾಡಿ, ನೀವು ಸರಿ ಮಾಡಿಯೇ ಇಲ್ಲ ಎಂದರು. ಆದದ್ದೇನೆಂದರೆ ರೆಡ್ ಹ್ಯಾಟ್, ಡೆಬಿಯನ್‌ನಂಥವರು ಹೊಸ ಆವೃತ್ತಿಗೆ ಹಾರದೆ, ತಮ್ಮಲ್ಲಿದ್ದ 1.0.1ಇ ಮೇಲೆಯೇ ಆ ತಿದ್ದುಪಡಿಯನ್ನು ತಂದು ಕೂಡಿಸಿದ್ದರು. ಹೊರಗಿನ ಹೆಸರು ಹಳೆಯದು, ಒಳಗೆ ತಿದ್ದಿದ್ದು. ಗೊತ್ತಾಗಬೇಕಾದರೆ ಪ್ಯಾಕೇಜಿನ ಹೆಸರಿನ ಬಾಲದ ಅಂಕಿಗಳನ್ನು ಓದಬೇಕು. ಆಗ ಅದು ಸುಮ್ಮನೆ ಗೊಂದಲ ಅನ್ನಿಸಿತ್ತು. ಕಮಲಾಪುರಕ್ಕೆ 4.1.4 ಹಾಕಿ ಬರುವಾಗ ಅವರ ಕಷ್ಟ ಅರ್ಥವಾಯಿತು: ತನ್ನ ಯಂತ್ರ ಬದಲಿಸಲಾರದವನೂ ಗಿರಾಕಿಯೇ.

ಮರುದಿನದಿಂದ ಯಾವ ಅಂಗಡಿಗೆ ಯಾವ ಆವೃತ್ತಿ ಎಂದು ಒಂದು ನೋಟ್‌ಬುಕ್ ಇಟ್ಟೆವು. ಕಂಪ್ಯೂಟರಿನಲ್ಲೇ ಇಡಬಹುದಿತ್ತು. ಗೋಡೆಗೆ ತೂಗುಹಾಕಿದ ನೋಟ್‌ಬುಕ್ಕನ್ನು ಎಲ್ಲರೂ ನೋಡುತ್ತಾರೆ.

ಆ ವಾರವೇ ಎರಡನೇ ಬಾಣದ ಕೆಲಸಕ್ಕೆ ಕೂತೆವು. ಹಾಟ್‌ಫಿಕ್ಸನ್ನು ಡೆವಲಪ್‌ಗೆ ಮರ್ಜ್ ಮಾಡಿದರೆ ರಂಪ ಆದೀತು ಎಂದುಕೊಂಡಿದ್ದೆವು, ಅಲ್ಲಿ ಅಷ್ಟು ಕೋಡು ಬದಲಾಗಿತ್ತು. ಆದರೆ ಗಿಟ್ ಒಂದೂ ಕಾನ್‌ಫ್ಲಿಕ್ಟ್ ಹೇಳದೆ ಸೇರಿಸಿಕೊಂಡಿತು. ಹುಡುಗ ಖುಷಿಯಾಗಿ ಕುರ್ಚಿ ಹಿಂದಕ್ಕೆ ಸರಿಸಿದ. ಟೆಸ್ಟಿಂಗ್ ಹುಡುಗಿ ಮಾತ್ರ ಎದ್ದಿರಲಿಲ್ಲ. ಹಾಟ್‌ಫಿಕ್ಸ್ ಬ್ರಾಂಚಿನಲ್ಲಿ ತಾನು ಬರೆದಿಟ್ಟಿದ್ದ ಪರೀಕ್ಷೆಗಳೂ ಮರ್ಜ್ ಜೊತೆ ಬಂದಿದ್ದವು, ಅವೆಲ್ಲ ಪಾಸಾದವು. ಆಮೇಲೆ ಅದೇ 10 ಕೆ.ಜಿ. ಪ್ಯಾಕ್‌ನ ಬಿಲ್ಲನ್ನು ಹೊಸ ಇ-ಇನ್‌ವಾಯ್ಸ್ ದಾರಿಯಲ್ಲಿ ಕಳಿಸಿ ನೋಡಿದಳು. ಪ್ರಿಂಟಿನಲ್ಲಿ ಶೇ. 5, ಸರ್ಕಾರಿ ಪೋರ್ಟಲ್‌ಗೆ ಹೋಗುವ ಫೈಲಿನಲ್ಲಿ ಸೊನ್ನೆ.

ಡೆವಲಪ್‌ನಲ್ಲಿ ಇ-ಇನ್‌ವಾಯ್ಸ್‌ಗೆ ತೆರಿಗೆ ಲೆಕ್ಕದ ಬೇರೆಯೇ ತುಣುಕು ಹುಟ್ಟಿಕೊಂಡಿತ್ತು. ಹಾಟ್‌ಫಿಕ್ಸ್ ಹೊರಟ 4.2ರಲ್ಲಿ ಆ ತುಣುಕೇ ಇರಲಿಲ್ಲ, ಇಲ್ಲದ್ದನ್ನು ಅದು ಹೇಗೆ ಮುಟ್ಟೀತು? ಒಂದೇ ಜಾಗವನ್ನು ಇಬ್ಬರು ತಿದ್ದಿದರೆ ಮಾತ್ರ ಗಿಟ್ ಕೂಗುತ್ತದೆ. ಎರಡು ಜಾಗದಲ್ಲಿ ಒಂದೇ ಲೆಕ್ಕ ಎರಡು ರೀತಿ ಆಗುತ್ತಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕೆಂದು ಬಯಸುವುದೂ ನ್ಯಾಯವಲ್ಲ. ಕಾನ್‌ಫ್ಲಿಕ್ಟ್ ಬಂದರೆ ನಮ್ಮವರಿಗೆ ಬೇಸರ. ನನಗೆ ಈಗ ಕಾನ್‌ಫ್ಲಿಕ್ಟ್ ಬಾರದ ಮರ್ಜ್ ಕಂಡರೇ ಹೆಚ್ಚು ಅಳುಕು. ಎರಡು ತುಣುಕನ್ನೂ ಒಂದು ಮಾಡಿ, ದರಗಳ ಕೋಷ್ಟಕವನ್ನು ಆಗಲೇ ಕಟ್ಟಲು ಶುರುಮಾಡಿದೆವು: ಸರಕು, ಪ್ಯಾಕ್, ದರ, ಯಾವ ತಾರೀಖಿನಿಂದ.

ಎರಡನೇ ಬಾಣದ ಮರೆವು ತಡೆಯಲು ಲಿನಕ್ಸ್‌ನವರು ದಿಕ್ಕನ್ನೇ ತಿರುಗಿಸಿದ್ದಾರೆ. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ 2005ರಲ್ಲಿ ಶುರುಮಾಡಿದ ಸ್ಟೇಬಲ್ ಕರ್ನಲ್‌ಗೆ ಒಂದು ತಿದ್ದುಪಡಿ ಹೋಗಬೇಕಾದರೆ ಅದು ಟೋರ್ವಾಲ್ಡ್ಸ್ ಅವರ ಮೂಲ ಮರದಲ್ಲಿ ಅದಾಗಲೇ ಇರಬೇಕು ಎಂಬುದು ಈಗಿನ ನಿಯಮ. ಅಕ್ಕಪಕ್ಕದ ಸಾಲು ಸೇರಿ 100 ಸಾಲು ಮೀರಬಾರದು ಎಂಬುದು ಇನ್ನೊಂದು. ಮೊದಲು ಮನೆಯಲ್ಲಿ, ಆಮೇಲೆ ಹೊರಗೆ. ಮರೆಯಲು ಜಾಗವೇ ಇಲ್ಲ. ಸಣ್ಣಪುಟ್ಟ ತಪ್ಪುಗಳಿಗೆ ನಾವೂ ಈಗ ಹಾಗೇ ಮಾಡುತ್ತೇವೆ. ಆದರೆ ಡೆವಲಪ್ ಬಿಚ್ಚಿಟ್ಟ ಸ್ಥಿತಿಯಲ್ಲಿದ್ದು ಸೋಮವಾರ ಗಂಜ್ ತೆರೆಯುತ್ತದೆ ಎಂಬಂಥ ದಿನಕ್ಕೆ ಅದು ಹೊಂದುವುದಿಲ್ಲ. ಡ್ರೀಸೆನ್ ಅವರೇ 2020ರ ಮಾರ್ಚ್‌ನಲ್ಲಿ ತಮ್ಮ ಲೇಖನಕ್ಕೆ ಟಿಪ್ಪಣಿ ಸೇರಿಸಿ, ದಿನವೂ ಬದಲಾಗುವ ವೆಬ್ ಸಾಫ್ಟ್‌ವೇರ್‌ಗೆ ಇಷ್ಟು ಬ್ರಾಂಚು ಬೇಡ, ಆವೃತ್ತಿ ಸಂಖ್ಯೆ ಹಾಕಿ ಹಲವು ಆವೃತ್ತಿಗಳನ್ನು ಒಟ್ಟಿಗೆ ಸಾಕುವವರಿಗೆ ಇದು ಈಗಲೂ ಸಲ್ಲಬಹುದು ಎಂದರು. ಆ ಟಿಪ್ಪಣಿಯ ಎರಡನೇ ಭಾಗದಲ್ಲಿ ನಾವಿದ್ದೇವೆ, ಕಮಲಾಪುರದ ವಿಂಡೋಸ್ 7 ಸಹಿತ.

ಆ ಸಪೋರ್ಟ್ 4.1 ಬ್ರಾಂಚು ನಾನು ಅಂದುಕೊಂಡದ್ದಕ್ಕಿಂತ ಬಹಳ ಕಾಲ ಬದುಕಿತು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ದರಗಳನ್ನೇ ಬುಡಮೇಲು ಮಾಡಿತು, ಜಾರಿ 22ರಿಂದ. ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟು, ಬಿಸ್ಕೀಟು ಶೇ. 18ರಿಂದ 5ಕ್ಕೆ. ಕೋಷ್ಟಕವಿದ್ದ ಅಂಗಡಿಗಳಿಗೆ ನಾವು ಕಳಿಸಿದ್ದು ಬರಿಯ ದರಗಳ ಫೈಲು. ಕೋಡಿನಲ್ಲಿ ಒಂದು ಸಾಲೂ ಮುಟ್ಟಲಿಲ್ಲ, ಬ್ರಾಂಚೂ ತೆರೆಯಲಿಲ್ಲ. ಕಮಲಾಪುರದ ಅಂಗಡಿಯಲ್ಲಿ ಮಾತ್ರ ಸರಕು ಒಂದೊಂದಕ್ಕೂ ಕೈಯಿಂದ ದರ ಬದಲಿಸಬೇಕಿತ್ತು. ಸಾವಕಾರರ ಮಗ ಪಟ್ಟಿ ತೆಗೆದು ನೋಡಿ, ಅವತ್ತೇ ಕಲಬುರಗಿಗೆ ಬಂದು ಹೊಸ ಕಂಪ್ಯೂಟರ್ ಒಯ್ದ. ದೀಪಾವಳಿಗಿಂತ ಮುಂಚೆಯೇ.

ಅವರನ್ನು ಹೊಸ ಆವೃತ್ತಿಗೆ ಹತ್ತಿಸಿ ಬಂದ ಮೇಲೆ 4.1ರ ಬ್ರಾಂಚನ್ನು ಅಳಿಸಿದೆವು. ಟ್ಯಾಗ್‌ಗಳು ಇರಲಿ ಎಂದು ಬಿಟ್ಟೆವು, ಹಳೇ ಬಿಲ್ಲಿನ ತಕರಾರು ಯಾವಾಗ ಬೇಕಾದರೂ ಬಂದೀತು. ಎರಡು ದಿನ ಬಿಟ್ಟು ಸಾವಕಾರರ ಫೋನು. ಲೆಕ್ಕವೆಲ್ಲ ಸರಿ ಇದೆ, ಆದರೆ ಹೊಸ ಸ್ಕ್ರೀನಿನಲ್ಲಿ ಅಕ್ಷರ ಸಣ್ಣವು, ಇವತ್ತೇ ದೊಡ್ಡದು ಮಾಡಿ ಕಳಿಸಬೇಕು. ಅದು ತುರ್ತಿನದಲ್ಲ, ಮುಂದಿನ ರಿಲೀಸಿನಲ್ಲಿ ಬರುತ್ತದೆ ಎಂದೆ. ‘ನಿಮಗ ತುರ್ತು ಇಲ್ರಿ, ನನಗ ಕಣ್ಣು ಕಾಣ್ಸಂಗಿಲ್ಲ’ ಎಂದರು. ನೋಟ್‌ಬುಕ್ಕಿನಲ್ಲಿ ಕಮಲಾಪುರದ ಸಾಲಿನ ಮುಂದೆ ಅದನ್ನೂ ಬರೆದುಕೊಂಡಿದ್ದೇನೆ.